ನಾಲ್ಕನೇ ಅಧ್ಯಾಯದ ಬಾಗಿಲಿಗೆ ‘ನಾಳೆ ಬಾ’

ಪ್ರಶ್ನೆ: ನನಗ 36 ವರ್ಷ. ಗದಗಿನ ಒಂದು ಖಾಸಗಿ ಪದವಿ ಕಾಲೇಜಿನ್ಯಾಗ ಅರ್ಥಶಾಸ್ತ್ರ ಕಲಸ್ತೀನಿ. ಧಾರವಾಡದಾಗ ಪಾರ್ಟ್‌ಟೈಮ್ ಪಿಎಚ್.ಡಿ.ಗೆ ಸೇರಿ ನಾಲ್ಕು ವರ್ಷ ಆತು. ಬ್ಯಾಡಗಿ ಮೆಣಸಿನಕಾಯಿ ಬೆಳೆಯೋ ರೈತರು ಮಾಲು ಎಲ್ಲಿ, ಯಾರ ಮೂಲಕ ಮಾರ್ತಾರ ಅನ್ನೋದು ವಿಷಯ. ಹಾವೇರಿ, ಗದಗ, ಧಾರವಾಡ ಜಿಲ್ಲೆ ಅಡ್ಡಾಡಿ 240 ರೈತರ ಕಡೆ ಪ್ರಶ್ನಾವಳಿ ತುಂಬಿಸೀನಿ. ಲೆಕ್ಕ ಎಲ್ಲಾ ಎಕ್ಸೆಲ್‌ನ್ಯಾಗ ಐತಿ, 22 ಕೋಷ್ಟಕ ತಯಾರ ಅದಾವ. ಮೊದಲ ಮೂರು ಅಧ್ಯಾಯ ಗೈಡ್ ಸರ್ ನೋಡಿ ಒಪ್ಪ್ಯಾರ. ಕೋಷ್ಟಕಗಳ ವಿಶ್ಲೇಷಣೆ ಬರಿಯೋ ನಾಲ್ಕನೇ ಅಧ್ಯಾಯ ಮಾತ್ರ 14 ತಿಂಗಳಿಂದ ನಿಂತಲ್ಲೇ ನಿಂತೈತಿ. ಅದನ್ನ ಇಂಗ್ಲಿಷಿನ್ಯಾಗ ಬರೀಬೇಕು. ಯುಗಾದಿಗೆ ಶುರು ಮಾಡ್ತೀನಿ ಅಂದೆ, ಪಂಚಮಿ ಮುಗೀಲಿ ಅಂದೆ, ದಸರಾ ರಜಾದಾಗ ಕುಂತು ಮುಗಿಸಿಬಿಡ್ತೀನಿ ಅಂದೆ. ರಜಾದಾಗ ಲ್ಯಾಪ್‌ಟಾಪ್ ತಗದು ಕುಂತ್ರ ಅಡಗಿಮನಿ ಡಬ್ಬಿ ಎಲ್ಲಾ ತಿಕ್ಕಬೇಕು ಅನಸ್ತೈತಿ, ಎದ್ದು ಹೋಗಿ ಶೇಂಗಾ ಹುರದು ಚಟ್ನಿಪುಡಿ ಕುಟ್ಟತೀನಿ. ಎಂಟು ತಿಂಗಳಿಂದ ನಾ ಗೈಡ್ ಸರ್ ಫೋನ್ ಎತ್ತಿಲ್ಲ. ಅವರ ಹೆಸರು ಮೊಬೈಲ್‌ನ್ಯಾಗ ಕಂಡ್ರ ಹೊಟ್ಟಿ ತೊಳಸ್ತೈತಿ. ಆರು ತಿಂಗಳ ಪ್ರಗತಿ ವರದಿನೂ ಒಂದು ಸಲ ತಪ್ಪೈತಿ. ಹಬ್ಬಕ್ಕೊಮ್ಮೆ ಅತ್ತಿ ‘ನಿನ್ನ ಪುಸ್ತಕ ಮುಗೀತೇನವಾ?’ ಅಂತಾರ. ನಾ ಇಷ್ಟು ಸೋಮಾರಿ ಹೆಂಗ ಆದೆ? ಟೈಮ್ ಟೇಬಲ್ ಹಾಕಿ ನೋಡಿದೆ, ಯೂಟ್ಯೂಬಿನ್ಯಾಗ ಭಾಷಣ ಕೇಳಿದೆ, ಏನೂ ಆಗಲಿಲ್ಲ. ಸಂಬಳ ಇಲ್ಲದ ಒಂದು ತಿಂಗಳ ರಜೆ ಹಾಕಿ ಕುಂಡರ್ಲೇನು? ಇಲ್ಲಾ ಬಿಟ್ಟೇಬಿಡ್ಲೇನು?
— ಹೆಸರು ಬೇಡ ಎಂದಿರುವ ಓದುಗರು, ಗದಗ

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ‘ಸೋಮಾರಿ’ ಎಂಬ ಮಾತಿಗೆ ಸಾಕ್ಷಿ ಹುಡುಕಿದೆ, ಸಿಗಲಿಲ್ಲ. ಸೋಮಾರಿಯಾದವರು ಮೂರು ಜಿಲ್ಲೆ ಅಡ್ಡಾಡಿ, ಹೊಲದ ಬದುವಿನ ಮೇಲೆ ಕೂತು, 240 ಪ್ರಶ್ನಾವಳಿ ತುಂಬಿಸುವುದಿಲ್ಲ. ಬರೆಯಲು ಕೂತ ದಿನ ನೀವು ಮಲಗಿಕೊಂಡಿಲ್ಲ. ಡಬ್ಬಿ ತಿಕ್ಕಿದ್ದೀರಿ, ಶೇಂಗಾ ಹುರಿದಿದ್ದೀರಿ. ಅಂದರೆ ಕೆಲಸ ಮಾಡುವ ಶಕ್ತಿ ಇದೆ, ಅದು ಈ ಒಂದು ಕೆಲಸದ ಹತ್ತಿರ ಬಂದಾಗ ಮಾತ್ರ ಪಕ್ಕಕ್ಕೆ ತಿರುಗುತ್ತದೆ. ಇಲ್ಲಿಂದ ನೋಡಿದರೆ ನಿಮ್ಮ ಪ್ರಶ್ನೆಯೇ ಬೇರೆಯಾಗುತ್ತದೆ: ಈ ಕೆಲಸದೊಳಗೆ ಏನು ಕೂತಿದೆ, ನಿಮ್ಮನ್ನು ಅಷ್ಟು ದೂರ ಓಡಿಸಲಿಕ್ಕೆ?

ಮುಂದೂಡುವುದನ್ನು ಬಹುಕಾಲ ಸಮಯ ನಿರ್ವಹಣೆಯ ದೋಷ ಎಂದೇ ತಿಳಿಯಲಾಗಿತ್ತು. ಈಗ ಮನಶ್ಶಾಸ್ತ್ರಜ್ಞರಲ್ಲಿ ಅನೇಕರು ಅದನ್ನು ಭಾವನೆಯ ನಿರ್ವಹಣೆಯ ವಿಷಯವಾಗಿ ನೋಡುತ್ತಾರೆ. ಫ್ಯೂಶಿಯಾ ಸಿರೋಯ್ ಮತ್ತು ತಿಮೋಥಿ ಪಿಚಿಲ್ 2013ರಲ್ಲಿ ಇದನ್ನೇ ಸ್ಪಷ್ಟವಾಗಿ ಬರೆದರು. ಕೆಲಸವೊಂದು ಅಂಜಿಕೆಯನ್ನೋ ಬೇಸರವನ್ನೋ ‘ನನಗೆ ಬರೋದಿಲ್ಲ’ ಎಂಬ ಕಳವಳವನ್ನೋ ಎಬ್ಬಿಸುತ್ತದೆ. ಆ ಭಾವನೆಯನ್ನು ಈಗಿಂದೀಗ ಇಳಿಸಲು ಇರುವ ಅಗ್ಗದ ಉಪಾಯವೆಂದರೆ ಕೆಲಸವನ್ನು ಬದಿಗಿಡುವುದು. ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಎದೆ ಹಗುರಾಗುತ್ತದಲ್ಲ, ಅದೇ ಮುಂದೂಡಿದ್ದಕ್ಕೆ ಸಿಗುವ ಕೂಲಿ. ಪ್ರತಿ ಸಲ ಕೂಲಿ ಕೈಗೆ ಬಂದರೆ ಯಾವ ಕೆಲಸವೂ ರೂಢಿಯಾಗುತ್ತದೆ, ತಪ್ಪಿಸಿಕೊಳ್ಳುವುದೂ ಹಾಗೆಯೇ. 14 ತಿಂಗಳಲ್ಲಿ ಆಗಿರುವುದು ಇಷ್ಟೇ. ಟೈಮ್ ಟೇಬಲ್ ಕೈಕೊಟ್ಟದ್ದೂ ಇದಕ್ಕೇ. ‘ಸಂಜೆ 6ರಿಂದ 8 ಪಿಎಚ್.ಡಿ.’ ಎಂದು ಬರೆದಿಟ್ಟರೆ ಅದು ಹೊತ್ತನ್ನು ಹೊಂದಿಸಿ ಕೊಡುತ್ತದೆ. ಆರು ಗಂಟೆಗೆ ಹೊಟ್ಟೆಯಲ್ಲಿ ಏಳುವ ಕಳವಳಕ್ಕೆ ಅದರಲ್ಲಿ ಮದ್ದಿಲ್ಲ.

ಹಿಂದೆ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ದೆವ್ವ ಒಂದು ದಿನವೂ ಒಳಗೆ ಬರಲಿಲ್ಲ ಖರೆ, ಆದರೆ ಒಂದು ರಾತ್ರಿಯೂ ಬರುವುದನ್ನು ಬಿಡಲಿಲ್ಲ. ಯುಗಾದಿ, ಪಂಚಮಿ, ದಸರಾ ಎಂದು ನೀವು ನಾಲ್ಕನೇ ಅಧ್ಯಾಯಕ್ಕೆ ಕೊಟ್ಟ ತಾರೀಖುಗಳು ಈ ಜಾತಿಯವು.

ಈ ವಿಷಯದಲ್ಲಿ ಜನ ಹೇಳುವ ಮಾತುಗಳಲ್ಲಿ ಮೂರನ್ನು ಇಲ್ಲೇ ಕಳಚಿಡಬೇಕು.

ಒಂದು, ‘ಗಡುವು ಕುತ್ತಿಗೆಗೆ ಬಂದಾಗಲೇ ನನ್ನ ಕೈ ಓಡುತ್ತದೆ’ ಎಂಬುದು. ರಾಯ್ ಬಾಮೈಸ್ಟರ್ ಮತ್ತು ಡಯಾನ್ ಟೈಸ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೂಡುವ ವಿದ್ಯಾರ್ಥಿಗಳು ಸೆಮಿಸ್ಟರಿನ ಶುರುವಿನಲ್ಲಿ ಉಳಿದವರಿಗಿಂತ ನಿರಾಳವಾಗಿದ್ದರು. ಕೊನೆಗೆ ಬರುವಷ್ಟರಲ್ಲಿ ಅವರ ಒತ್ತಡವೂ ಕಾಯಿಲೆಯೂ ಉಳಿದವರಿಗಿಂತ ಹೆಚ್ಚಾಗಿ, ಅಂಕ ಕಡಿಮೆಯಾಗಿತ್ತು. ಗಡುವು ಕೈ ಓಡಿಸುವುದು ಸುಳ್ಳಲ್ಲ, ಏಕೆಂದರೆ ಆಗ ಬರೆಯದೇ ಇರುವ ಅಂಜಿಕೆ ಬರೆಯುವ ಅಂಜಿಕೆಯನ್ನು ಮೀರುತ್ತದೆ. ಆದರೆ ಬರಹ ಮಾತ್ರ ಅದರಿಂದ ಚೆನ್ನಾಗುವುದಿಲ್ಲ. ಮೇಲಾಗಿ ಪಿಎಚ್.ಡಿ.ಗೆ ನಾಳೆ ಬೆಳಿಗ್ಗೆ ಹತ್ತಕ್ಕೆ ಎಂಬಂಥ ಗಡುವೇ ಇಲ್ಲ. ಅದಕ್ಕೇ ಪಾಠ, ಪರೀಕ್ಷೆ, ಮೌಲ್ಯಮಾಪನ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸುವ ನಿಮ್ಮಂಥ ಶಿಸ್ತಿನವರೂ ಇಲ್ಲಿ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ.

ಎರಡು, ‘ಮೂಡ್ ಬರಬೇಕು’ ಎಂಬುದು. ಹುಮ್ಮಸ್ಸು ಮೊದಲು, ಕೆಲಸ ಆಮೇಲೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಬಳಿ ಸಲಹೆಗೆ ಬರುವವರಲ್ಲಿ ಕಾಣುವುದು ಇದರ ತಿರುವುಮುರುವು: ಹತ್ತು ನಿಮಿಷ ಕೈಯಾಡಿಸಿದ ಮೇಲೆ ಕಳವಳ ಇಳಿಯುತ್ತದೆ, ಆಸಕ್ತಿ ಅದರ ಬೆನ್ನಿಗೆ ಬರುತ್ತದೆ. ಯೂಟ್ಯೂಬಿನ ಭಾಷಣ ಕೇಳಿದ ಹೊತ್ತಿನಲ್ಲಿ ಕೆಲಸ ಮಾಡಿದಷ್ಟೇ ಸಮಾಧಾನ ಸಿಗುತ್ತದೆ, ಅದೇ ಅದರ ತೊಂದರೆ.

ಮೂರನೆಯದು ನನ್ನ ದೃಷ್ಟಿಯಲ್ಲಿ ಹೆಚ್ಚು ಹಾನಿ ಮಾಡುವುದು: ‘ಬೈದುಕೊಂಡರೆ ಬುದ್ಧಿ ಬರುತ್ತದೆ’ ಎಂಬುದು. ‘ನಾಳೆ ಎಂದವನ ಮನೆ ಹಾಳು’ ಎಂದು ಕೇಳುತ್ತಲೇ ಬೆಳೆದವರು ನಾವು. ಗಾದೆ ತಪ್ಪೆಂದು ಹೇಳುತ್ತಿಲ್ಲ. ಅದನ್ನು ತಲೆಯ ಮೇಲೆ ಕುಟ್ಟಿಕೊಂಡರೆ ಕೆಲಸಕ್ಕೆ ಅಂಟಿದ ಕಹಿ ಇನ್ನಷ್ಟಾಗುತ್ತದೆ, ಕಹಿ ಹೆಚ್ಚಾದಷ್ಟೂ ತಪ್ಪಿಸಿಕೊಳ್ಳುವ ಆಸೆ ಹೆಚ್ಚುತ್ತದೆ. ಕೆನಡಾದಲ್ಲಿ ಮೈಕಲ್ ವೋಲ್ ಮತ್ತು ಸಂಗಡಿಗರು ಮೊದಲ ವರ್ಷದ ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ನಡುವೆ ಗಮನಿಸಿ 2010ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಕ್ಷಮಿಸಿಕೊಳ್ಳುವುದೆಂದರೆ ‘ಏನೂ ಆಗಿಲ್ಲ ಬಿಡು’ ಅನ್ನುವುದಲ್ಲ. ‘ಆಯ್ತು, 14 ತಿಂಗಳು ಹೋಯ್ತು, ತಪ್ಪು ನನ್ನದೇ’ ಎಂದು ಒಮ್ಮೆ ಒಪ್ಪಿ, ಅದೇ ವಿಚಾರಣೆಯನ್ನು ದಿನಾ ನಡೆಸದೇ ಇರುವುದು.

ಈಗ ಈ ಅಧ್ಯಾಯದೊಳಗೆ ಏನೇನು ಕೂತಿದೆ ನೋಡೋಣ. ನಿಮ್ಮ ಪತ್ರದಲ್ಲೇ ಮೂರು ಗಂಟು ಕಾಣುತ್ತವೆ. ‘ನಾಲ್ಕನೇ ಅಧ್ಯಾಯ ಬರೆಯುವುದು’ ಎಂಬುದು ಒಂದು ಕೆಲಸವೇ ಅಲ್ಲ, ಹತ್ತಾರು ಕೆಲಸಗಳ ಮೂಟೆಗೆ ಕಟ್ಟಿದ ಹೆಸರು. ಲ್ಯಾಪ್‌ಟಾಪ್ ತೆರೆದಾಗ ಕೈ ಎಲ್ಲಿ ಇಡಬೇಕೆಂಬುದು ಅದರಲ್ಲಿಲ್ಲ. ಎರಡನೇ ಗಂಟು ಇಂಗ್ಲಿಷ್. ರೈತರ ಜೊತೆ ಕನ್ನಡದಲ್ಲಿ ಮಾತಾಡಿ, ಕನ್ನಡದಲ್ಲೇ ವಿಚಾರ ಮಾಡಿ, ಅದೇ ಗಳಿಗೆಯಲ್ಲಿ ಇಂಗ್ಲಿಷಿನ ವಾಕ್ಯ ಕಟ್ಟಬೇಕೆಂದರೆ ಎರಡು ಭಾರ ಒಟ್ಟಿಗೆ ಹೊತ್ತಂತೆ. ಮೂರನೆಯದು ಗೈಡ್. ನನ್ನ ಅಂದಾಜಿನಲ್ಲಿ ಬಿಗಿಯಾದ ಗಂಟು ಇದೇ. ಮೊದಲ ಆರು ತಿಂಗಳು ನೀವು ಓಡಿದ್ದು ಅಧ್ಯಾಯದಿಂದ, ಆಮೇಲಿನ ಎಂಟು ತಿಂಗಳು ಓಡುತ್ತಿರುವುದು ಒಂದು ಫೋನ್ ಕರೆಯಿಂದ. ಇವತ್ತು ಒಂದು ಪುಟ ಬರೆದರೆ ಅದನ್ನು ಕಳಿಸಬೇಕಾಗುತ್ತದೆ, ಕಳಿಸಿದರೆ ಎಂಟು ತಿಂಗಳ ಲೆಕ್ಕ ಹೇಳಬೇಕಾಗುತ್ತದೆ. ಹಾಗಾಗಿ ಬರೆಯುವುದೂ ಅಪಾಯವಾಗಿ ಕಾಣುತ್ತದೆ. ಅದಕ್ಕೇ ಬಿಚ್ಚುವುದನ್ನು ಇಲ್ಲಿಂದಲೇ ಶುರು ಮಾಡಬೇಕು.

ಹೆಚ್ಚಿನವರು ಮಾಡುವ ತಪ್ಪು, ‘ಅಧ್ಯಾಯ ಮುಗಿಸಿಕೊಂಡೇ ಸರ್ ಮುಂದೆ ಹೋಗ್ತೀನಿ’ ಎಂದು ಕಾಯುವುದು. ಮೌನ ಉದ್ದವಾದಷ್ಟೂ ಮುರಿಯಲು ತರಬೇಕಾದ ಕಾಣಿಕೆ ದೊಡ್ಡದಾಗುತ್ತ ಹೋಗುತ್ತದೆ. ಎಂಟು ತಿಂಗಳ ಮೌನಕ್ಕೆ ಅರ್ಧ ಅಧ್ಯಾಯ ಸಾಲದು ಅನಿಸುತ್ತದೆ, ಹನ್ನೆರಡು ತಿಂಗಳಾದರೆ ಇಡೀ ಪ್ರಬಂಧವೂ ಸಾಲದು. ಫೋನ್ ಬೇಡ, ವಾಟ್ಸ್ಆಪ್ ಸಾಕು. ಹೀಗೆ ಬರೆಯಿರಿ:

‘ಸರ್, ನಮಸ್ಕಾರ್ರೀ. ಎಂಟು ತಿಂಗಳಿಂದ ನಿಮ್ಮ ಫೋನಿಗೆ ಉತ್ತರ ಕೊಟ್ಟಿಲ್ಲ, ತಪ್ಪಾಗೇತ್ರೀ. ನಾಲ್ಕನೇ ಅಧ್ಯಾಯ ಇನ್ನೂ ಆಗಿಲ್ಲ. 22 ಕೋಷ್ಟಕ ತಯಾರ ಅದಾವ, ವಿವರಣೆ ಬರಿಯೋದು ಬಾಕಿ ಐತ್ರೀ. ಮುಂದಿನ ತಿಂಗಳು 10ನೇ ತಾರೀಖಿನೊಳಗ ಮೊದಲ ಮೂರು ಕೋಷ್ಟಕದ ವಿವರಣೆ ಕಳಸ್ತೀನಿ. ಹಾದಿ ಸರಿ ಐತೋ ಇಲ್ಲೋ ತಾವು ನೋಡಿ ಹೇಳಬೇಕ್ರೀ.’

ಇದರಲ್ಲಿ ತಪ್ಪೊಪ್ಪಿಗೆ ಒಂದೇ ಸಾಲು. ಕಾರಣಗಳಿಲ್ಲ. ಕಾಯಿಲೆ, ಮನೆಯ ತೊಂದರೆ ಎಂದು ಕಥೆ ಕಟ್ಟಿದರೆ ಆ ಕಥೆಯನ್ನೂ ಮುಂದೆ ಸಾಕಬೇಕಾಗುತ್ತದೆ. ಮೂರೇ ಕೋಷ್ಟಕ ಎಂದಿರುವುದು ಬೇಕೆಂದೇ: ಇಡೀ ಅಧ್ಯಾಯಕ್ಕೆ ಮಾತು ಕೊಟ್ಟರೆ ಮತ್ತೆ ಫೋನ್ ಎತ್ತದ ದಿನ ದೂರವಿಲ್ಲ. ಎರಡು ದಿನ ಉತ್ತರ ಬರದಿರಬಹುದು, ಬಿಗಿಯಾದ ಮಾತೂ ಬರಬಹುದು. ‘ಖರೆ ಐತ್ರೀ ಸರ್, 10ಕ್ಕ ಕಳಸ್ತೀನಿ’ ಎಂದಷ್ಟೇ ಹೇಳಿ ನಿಲ್ಲಿಸಿ. ಅನುಭವದಲ್ಲಿ ಹೇಳುವುದಾದರೆ, ವಿದ್ಯಾರ್ಥಿಗಳು ಊಹಿಸಿಕೊಂಡಷ್ಟು ಕೋಪ ಗೈಡ್‌ಗಳಿಗೆ ಇರುವುದು ಅಪರೂಪ. ತಮ್ಮ ಬಳಿ ನೋಂದಾಯಿಸಿದ ವಿದ್ಯಾರ್ಥಿ ಮುಗಿಸಲಿ ಎಂಬುದು ಅವರಿಗೂ ಬೇಕು.

ಇದರ ಜೊತೆಗೇ ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗದಲ್ಲಿ ನಿಮ್ಮ ಅವಧಿಯ ಲೆಕ್ಕ ಕೇಳಿ ತಿಳಿದುಕೊಳ್ಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿಯಲ್ಲಿ ಪ್ರವೇಶದಿಂದ ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೂ 2 ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷದವರೆಗೆ ಸಡಿಲಿಕೆಗೆ ಅವಕಾಶವಿದೆ. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕೆಂಬುದೂ ಅದರಲ್ಲಿದೆ. ನಿಮ್ಮ ಪ್ರವೇಶಕ್ಕೆ ಯಾವ ವರ್ಷದ ನಿಯಮ ಹತ್ತುತ್ತದೆ, ತಪ್ಪಿದ ವರದಿಗೆ ಏನು ಮಾಡಬೇಕು, ಇವೆರಡನ್ನೇ ಕೇಳಿ. ‘ಎಲ್ಲಾ ಮುಗಿದೇ ಹೋಯ್ತು’ ಎಂಬ ಕತ್ತಲೆಯ ಅಂಜಿಕೆಗಿಂತ ‘ಇಷ್ಟು ತಿಂಗಳು ಉಳಿದಿದೆ’ ಎಂಬ ಲೆಕ್ಕ ಹಗುರ.

ಇನ್ನು ಬರೆಯುವ ಕೆಲಸ. ಮನೆಯಲ್ಲಿ ಬೇಡ. ಅಲ್ಲಿ ನಿಮ್ಮನ್ನು ಕರೆಯುವ ಡಬ್ಬಿಗಳೂ ಶೇಂಗಾವೂ ಇವೆ, ಅವು ಮುಗಿಯುವ ಕೆಲಸಗಳು, ಮುಗಿಸಿದರೆ ಯಾರೂ ಬೈಯುವುದಿಲ್ಲ. ಅಂಥವುಗಳ ಮುಂದೆ ನಾಲ್ಕನೇ ಅಧ್ಯಾಯ ಗೆಲ್ಲುವುದು ಕಷ್ಟ. ಕಾಲೇಜು ಬಿಟ್ಟ ಮೇಲಿನ ಸ್ಟಾಫ್ ರೂಮು ಇದಕ್ಕೆ ಒಳ್ಳೆಯ ಜಾಗ. ಅದೂ ಈ ಒಂದು ವಾಕ್ಯದೊಂದಿಗೆ: ‘ಕೊನೆಯ ಪಿರಿಯಡ್ ಮುಗಿಸಿ ಹಾಜರಿ ಪುಸ್ತಕ ಮೇಜಿನ ಮೇಲೆ ಇಟ್ಟ ಕೂಡಲೇ, ಮೊಬೈಲ್ ಕಪಾಟಿನೊಳಗೆ ಹಾಕಿ, ಕೋಷ್ಟಕ 4.7 ತೆರೆಯುತ್ತೇನೆ.’ ಬಾಲಿಶ ಅನಿಸಬಹುದು. ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮ ದಸರಾ ರಜೆಗೇ ಹೊಂದುತ್ತದೆ. ವಿದ್ಯಾರ್ಥಿಗಳು ಕ್ರಿಸ್‌ಮಸ್ ರಜೆಯಲ್ಲಿ ಎರಡು ದಿನದೊಳಗೆ ಒಂದು ವರದಿ ಬರೆದು ಕಳಿಸಬೇಕಿತ್ತು. ಎಲ್ಲಿ, ಯಾವ ಹೊತ್ತಿಗೆ ಕೂತು ಬರೆಯುತ್ತೇವೆಂದು ಮೊದಲೇ ಗೊತ್ತು ಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕೊಟ್ಟ ಹೊತ್ತಿನೊಳಗೆ ಬರೆದರು. ‘ಬರೀತೀವಿ’ ಎಂದಷ್ಟೇ ಹೊರಟವರಲ್ಲಿ ಮೂರನೇ ಒಂದು ಪಾಲು. ಗುಟ್ಟು ಇಷ್ಟೇ, ಆ ಗಳಿಗೆಯಲ್ಲಿ ‘ಶುರು ಮಾಡಲೋ ಬೇಡವೋ’ ಎಂಬ ಚರ್ಚೆಗೆ ಜಾಗ ಉಳಿಯುವುದಿಲ್ಲ. ಗಡಿಯಾರದ ಹೊತ್ತಿಗಿಂತ ಹಾಜರಿ ಪುಸ್ತಕ ಇಡುವುದರಂಥ ಕೈಗೆ ಸಿಗುವ ಗುರುತು ಮೇಲು. ನಾಲ್ಕೂವರೆಗೆ ಎಂದುಕೊಂಡಿದ್ದು ಗಡಿಯಾರ ನಾಲ್ಕೂ ನಲವತ್ತು ದಾಟಿದರೆ ‘ಇವತ್ತು ಹೋಯ್ತು’ ಅನಿಸಿಬಿಡುತ್ತದೆ.

ಮೊದಲ ವಾರ ಹತ್ತೇ ನಿಮಿಷ. 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಪೊಮೊಡೊರೊ ಕ್ರಮ ನೀವು ಕೇಳಿರಬಹುದು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಮಾಡಿದ್ದು. ಒಳ್ಳೆಯದೇ, ಆದರೆ 14 ತಿಂಗಳ ನಂತರ ಮೊದಲ ದಿನವೇ 25 ನಿಮಿಷವೂ ಹೆಚ್ಚಾಗಬಹುದು. ಎರಡನೇ ವಾರದಿಂದ ಅದಕ್ಕೆ ಏರಿಸಿ.

ಆ ಹತ್ತು ನಿಮಿಷದಲ್ಲಿ ಮಾಡುವುದೇನು? ಒಂದು ಕೋಷ್ಟಕ ತೆಗೆದುಕೊಳ್ಳಿ. ಮೊದಲನೆಯದೇ ಆಗಬೇಕಿಲ್ಲ, ಹೊಲದಲ್ಲಿ ಕೇಳಿದ ಮಾತು ನಿಮಗೆ ಹೆಚ್ಚು ನೆನಪಿರುವಂಥದು. ಇಂಗ್ಲಿಷ್ ಕಡೆ ತಿರುಗಿಯೂ ನೋಡಬೇಡಿ. ಪಕ್ಕದ ಮನೆಯವರಿಗೆ ಹೇಳಿದಂತೆ ನಿಮ್ಮದೇ ಮಾತಿನಲ್ಲಿ ಐದು ವಾಕ್ಯ: ಕೋಷ್ಟಕ ಯಾವುದರದ್ದು, ದೊಡ್ಡ ಅಂಕಿ ಯಾವುದು, ಯಾರಲ್ಲಿ ಅದು ಹೆಚ್ಚು ಯಾರಲ್ಲಿ ಕಡಿಮೆ, ಯಾಕೆ, ಮುಂದಿನ ಕೋಷ್ಟಕಕ್ಕೆ ಕೊಂಡಿ. ಅಂಕಿಗಳನ್ನು ನಾನು ಉದಾಹರಣೆಗೆಂದು ಇಟ್ಟಿದ್ದೇನೆ, ನಿಮ್ಮವನ್ನು ಹಾಕಿಕೊಳ್ಳಿ:

‘ಈ ಕೋಷ್ಟಕದಾಗ ರೈತರು ಮಾಲು ಎಲ್ಲಿ ಮಾರಿದ್ರು ಅನ್ನೋದು ಐತಿ. 240 ಮಂದಿಯೊಳಗ 156 ಮಂದಿ, ಅಂದ್ರ ಶೇ. 65, ದಲಾಲಿ ಅಂಗಡಿಗೇ ಹಾಕ್ಯಾರ. ಐದು ಎಕರೆಕಿಂತ ಕಡಿಮಿ ಇದ್ದವರೊಳಗ ಇದು ಇನ್ನೂ ಜಾಸ್ತಿ. ಯಾಕಂದ್ರ ಬೀಜ, ಗೊಬ್ಬರಕ್ಕ ಮೊದಲ ಅಲ್ಲೇ ರೊಕ್ಕ ತಂದಿರ್ತಾರ, ಬ್ಯಾರೆ ಕಡೆ ಒಯ್ಯಾಕ ಬರಂಗಿಲ್ಲ. ಹಂಗಾರ ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ಟು ರೇಟ್ ಬಂದಾಗ ಮಾರಿದವರು ಯಾರು? ಅದು ಮುಂದಿನ ಕೋಷ್ಟಕ.’

ನೋಡಿ, ವಿಶ್ಲೇಷಣೆ ಎಂದರೆ ಇದೇ. ಉಳಿದದ್ದು ಭಾಷೆಯ ಉಡುಗೆ. ಟೈಪ್ ಮಾಡುವಾಗಲೂ ಕೈ ನಿಂತರೆ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಕೇಳಿ ಬರೆದುಕೊಳ್ಳಿ. ಇಂಗ್ಲಿಷಿಗೆ ತರುವುದು ಇನ್ನೊಂದು ದಿನದ, ಇನ್ನೊಂದು ಕೂರುವಿಕೆಯ ಕೆಲಸ. ಅದಕ್ಕೂ ಬರಿಗೈಯಲ್ಲಿ ಕೂರಬೇಡಿ. ಭಾರತದ ಪಿಎಚ್.ಡಿ. ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ ನಿಮ್ಮ ವಿಷಯಕ್ಕೆ ಹತ್ತಿರವಾದ ಎರಡು ಮೂರು ಪ್ರಬಂಧ ತೆರೆದು, ಕೋಷ್ಟಕ ವಿವರಿಸುವ ವಾಕ್ಯಗಳ ಕಟ್ಟೋಣ ಮಾತ್ರ ಹತ್ತು ಹನ್ನೆರಡು ಬರೆದಿಟ್ಟುಕೊಳ್ಳಿ: ‘ಇಷ್ಟರಲ್ಲಿ ಇಷ್ಟು ಮಂದಿ ಹೀಗೆಂದರು’, ‘ಇದಕ್ಕೆ ಕಾರಣ ಇದಿರಬಹುದು’, ಇಂಥವು. ವಿಷಯ, ಅಂಕಿ, ವಾದ ನಿಮ್ಮದೇ ಇರಬೇಕು. 22 ಕೋಷ್ಟಕಕ್ಕೂ ಆ ಹನ್ನೆರಡು ಅಚ್ಚುಗಳೇ ತಿರುಗಿ ಬರುತ್ತವೆ. ಈ ಅಧ್ಯಾಯ ಓದುವವರು ಭಾಷೆಯ ಚಮತ್ಕಾರ ಕೇಳುವುದಿಲ್ಲ.

ಪ್ರತಿ ದಿನ ಎದ್ದೇಳುವ ಮೊದಲು ನಾಳೆಯ ಮೊದಲ ವಾಕ್ಯವನ್ನು ಅರ್ಧ ಬರೆದು ಬಿಡಿ. ‘ಸಣ್ಣ ಹಿಡುವಳಿದಾರರಲ್ಲಿ...’ ಅಷ್ಟೇ. ಮರುದಿನ ಖಾಲಿ ಪುಟ ಎದುರಾಗುವುದಿಲ್ಲ, ಅರ್ಧ ನಿಂತ ಮಾತು ಎದುರಾಗುತ್ತದೆ. ಅದನ್ನು ಮುಗಿಸುವುದು ಸುಲಭ.

ಈಗ ಲೆಕ್ಕ. 22 ಕೋಷ್ಟಕ, ಒಂದೊಂದಕ್ಕೆ ಕನ್ನಡಕ್ಕೊಂದು ಇಂಗ್ಲಿಷಿಗೊಂದು ಎಂದು ಎರಡು ಕೂರುವಿಕೆ, ಒಟ್ಟು 44. ವಾರಕ್ಕೆ ಆರು ಎಂದರೆ ಸುಮಾರು ಏಳೂವರೆ ವಾರ. ಇದನ್ನು ನಂಬಬೇಡಿ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆನರ್ಸ್ ಪದವಿಯ ಪ್ರಬಂಧ ಬರೆಯುತ್ತಿದ್ದವರನ್ನು ಎಷ್ಟು ದಿನ ಬೇಕೆಂದು ಕೇಳಿದಾಗ ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟು ಹೋದರೆ ಎಷ್ಟು ಎಂದರೆ ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಆ ಲೆಕ್ಕದಲ್ಲಿ ನಿಮ್ಮ ಏಳೂವರೆ ವಾರ ಹನ್ನೆರಡು ವಾರವಾಗುತ್ತದೆ. ಗೈಡ್‌ಗೂ ಮನೆಯವರಿಗೂ ಹನ್ನೆರಡೇ ಹೇಳಿ. ಒಳಗೆ ಪರೀಕ್ಷಾ ಮೇಲ್ವಿಚಾರಣೆ ಬರುತ್ತದೆ, ಮದುವೆ ಬರುತ್ತದೆ, ಮಕ್ಕಳಿಗೆ ಜ್ವರ ಬರುತ್ತದೆ.

ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಎರಡನೇ ವಾರದ ಹೊತ್ತಿಗೆ ನಿಮಗೆ ಕೋಷ್ಟಕದ ಗೆರೆ ಸರಿಪಡಿಸುವ, ಅಕ್ಷರದ ಗಾತ್ರ ಬದಲಿಸುವ, ಗ್ರಂಥಸೂಚಿ ಅಕಾರಾದಿಯಾಗಿ ಜೋಡಿಸುವ ಹುಕಿ ಬರುತ್ತದೆ. ಇದು ಚಟ್ನಿಪುಡಿಯೇ, ಲ್ಯಾಪ್‌ಟಾಪಿನೊಳಗೆ ಬಂದಿದೆ ಅಷ್ಟೇ. ಇಂಥವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಭಾನುವಾರಕ್ಕೆ ತಳ್ಳಿ. ಇವನ್ನು ಮುಂದೂಡಲು ನನ್ನ ಅಡ್ಡಿಯಿಲ್ಲ. ‘ಇನ್ನೊಂದಿಷ್ಟು ಓದಿಕೊಂಡು ಬರೀತೀನಿ’ ಎಂಬುದೂ ಇದರ ತಂಗಿ. ಇನ್ನೊಂದು ಅಪಾಯ, ಒಂದು ದಿನ ಉತ್ಸಾಹ ಬಂದು ನಾಲ್ಕು ತಾಸು ಬರೆಯುವುದು. ಮರುದಿನ ನಾಲ್ಕು ತಾಸು ಸಿಗುವುದಿಲ್ಲ, ಹತ್ತು ನಿಮಿಷ ಕೀಳಾಗಿ ಕಾಣುತ್ತದೆ, ಅಲ್ಲಿಗೆ ಸರಪಳಿ ಕಡಿಯುತ್ತದೆ. ಒಂದು ದಿನ ತಪ್ಪಿದರೆ ತಪ್ಪಲಿ. ಮರುದಿನ ಅದರ ಬಾಕಿ ಸೇರಿಸಿ ಎರಡು ಪಾಲು ಮಾಡಲು ಹೋಗಬೇಡಿ. ಸತತ ಮೂರು ದಿನ ತಪ್ಪಿತೆಂದರೆ ನಿಮ್ಮನ್ನು ಬೈದುಕೊಳ್ಳುವ ಬದಲು ಗುರುತನ್ನು ಬದಲಿಸಿ, ಬಹುಶಃ ಆ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಚಹಾದ ಹರಟೆ ಶುರುವಾಗುತ್ತಿರಬಹುದು.

ಸಂಬಳವಿಲ್ಲದ ರಜೆಯ ಬಗ್ಗೆ ಕೇಳಿದ್ದೀರಿ. ಈಗಲೇ ಬೇಡ. ನಿಮಗೆ ಕಡಿಮೆ ಬಿದ್ದಿರುವುದು ಹೊತ್ತಲ್ಲ ಎಂಬುದಕ್ಕೆ ದಸರಾ ರಜೆಯೇ ಸಾಕ್ಷಿ. ಗಂಟು ಬಿಚ್ಚದೇ ರಜೆ ಹಾಕಿದರೆ ಮೂವತ್ತು ದಿನದ ಡಬ್ಬಿ ತಿಕ್ಕುವಿಕೆ ಆಗುತ್ತದೆ, ಸಂಬಳ ಹೋದ ಅಪರಾಧಭಾವ ಅದರ ಮೇಲೆ. ಹದಿನೈದು ಕೋಷ್ಟಕ ದಾಟಿದ ಮೇಲೆ ಹತ್ತು ದಿನ ಹಾಕಿದರೆ ಅದಕ್ಕೆ ಬೆಲೆ ಬರುತ್ತದೆ.

ಜೊತೆಗೊಬ್ಬರು ಕೂರುವುದು ನಿಜಕ್ಕೂ ನೆರವಾಗುತ್ತದೆ. ನಿಮ್ಮಂತೆಯೇ ಪ್ರಬಂಧ ಬರೆಯುತ್ತಿರುವ ಸಹೋದ್ಯೋಗಿ ಇದ್ದರೆ ಒಂದೇ ಮೇಜಿಗೆ ಮಾತಿಲ್ಲದೆ 25 ನಿಮಿಷ. ಮಾತು ಶುರುವಾದರೆ ಇದರ ಕಥೆ ಮುಗಿಯಿತು, ಅದರಲ್ಲೂ ಗೈಡ್‌ಗಳ ಬಗ್ಗೆ ಶುರುವಾದರೆ.

‘ಬರೆದು ಕೊಡುವವರಿದ್ದಾರೆ’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ, ಈಗ ಚಾಟ್‌ಜಿಪಿಟಿಯೂ ಇದೆ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿ, ಬೇರೆಯವರ ಬರಹದೊಂದಿಗೆ ಸಾಮ್ಯ ಶೇ. 10ರ ಒಳಗಿದ್ದರೆ ದಂಡವಿಲ್ಲ. 10ರಿಂದ 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಯಂತ್ರ ಬರೆದದ್ದರಲ್ಲಿ ಇಲ್ಲದ ಆಕರಗಳೂ ನುಸುಳಿರುತ್ತವೆ. ಇದಕ್ಕಿಂತ ಮುಖ್ಯವಾದದ್ದು ಮೌಖಿಕ ಪರೀಕ್ಷೆ. ‘ಸಣ್ಣ ರೈತರೇ ದಲಾಲಿ ಅಂಗಡಿಗೆ ಯಾಕೆ ಹೋಗ್ತಾರೆ?’ ಎಂದು ಪರೀಕ್ಷಕರು ಕೇಳಿದಾಗ ಉತ್ತರ ಇರುವುದು ಹೊಲದ ಬದುವಿನ ಮೇಲೆ ಕೂತಿದ್ದ ನಿಮ್ಮ ಬಳಿ ಮಾತ್ರ. ಕನ್ನಡದಲ್ಲಿ ನೀವೇ ಬರೆದದ್ದನ್ನು ಇಂಗ್ಲಿಷಿಗೆ ತಂದ ಮೇಲೆ ವ್ಯಾಕರಣ ನೋಡಿಸಿಕೊಳ್ಳುವುದು ಬೇರೆ ಮಾತು. ಅದಕ್ಕೂ ಗೈಡ್ ಒಪ್ಪಿಗೆ ಕೇಳಿಯೇ ಮಾಡಿ.

ಬಿಟ್ಟುಬಿಡುವುದೂ ಒಂದು ದಾರಿ, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಆದರೆ ಹೊಟ್ಟೆ ತೊಳಸುವ ಹೊತ್ತಿನಲ್ಲಿ ಆ ತೀರ್ಮಾನ ಬೇಡ. ಆಗ ನೀವು ಬಿಡುತ್ತಿರುವುದು ಪಿಎಚ್.ಡಿ.ಯನ್ನೋ ಗೈಡ್ ಫೋನನ್ನೋ ಗೊತ್ತಾಗುವುದಿಲ್ಲ. ಸಂದೇಶ ಕಳಿಸಿ, ಆರು ಕೋಷ್ಟಕ ಬರೆದು ನೋಡಿ. ಆಮೇಲೂ ಈ ವಿಷಯದಲ್ಲಿ ಮನಸ್ಸೇ ಇಲ್ಲ ಅನಿಸಿದರೆ ಬಿಡಿ.

ಒಂದು ಮಾತನ್ನು ಮಾತ್ರ ಪತ್ರದಿಂದ ನಿರ್ಧರಿಸಲಾರೆ. ಬರೆಯುವುದಷ್ಟೇ ಅಲ್ಲ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಈಗ ಬೇಡವಾಗಿದ್ದರೆ, ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಸಾಕು ಅನಿಸಿದ್ದರೆ, ಅದು ಖಿನ್ನತೆಯಿರಬಹುದು. ಅದಕ್ಕೆ ಕೋಷ್ಟಕದ ಉಪಾಯ ಸಾಲದು. ಚಿಕ್ಕಂದಿನಿಂದಲೂ ಎಲ್ಲ ಕೆಲಸದಲ್ಲೂ ಗಮನ ಚದುರುತ್ತಿದ್ದರೆ ಗಮನ ಕೊರತೆಯ ಪರೀಕ್ಷೆ ಮಾಡಿಸಬೇಕು. ಸದಾ ಸುಸ್ತು ಇದ್ದರೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಗೈಡ್ ಭೇಟಿಗೆ ಹೋದ ದಿನವೇ ಅಲ್ಲಿಗೂ ಹೋಗಿ ಬರಬಹುದು. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಅತ್ತೆಯವರ ಪ್ರಶ್ನೆ ಉಳಿಯಿತು. ‘ಮುಗೀತೇನವಾ?’ ಎಂಬುದಕ್ಕೆ ‘ಇಲ್ಲ’ ಎಂಬ ಒಂದೇ ಉತ್ತರ ನಿಮ್ಮ ಕೈಯಲ್ಲಿ ಇರುವುದರಿಂದ ಅದು ಚುಚ್ಚುತ್ತದೆ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಮುಗಿಸಿದ ಕೋಷ್ಟಕದ ಸಂಖ್ಯೆಯನ್ನು ಆಯಾ ತಾರೀಖಿನ ಮನೆಯಲ್ಲಿ ಬರೆಯುತ್ತ ಹೋಗಿ. ಮುಂದಿನ ಸಲ ಕೇಳಿದಾಗ ‘22ರೊಳಗ ಐದು ಆದುವ್ರೀ ಅತ್ತಿ’ ಎಂದು ಹೇಳಿ, ಹಾಗೆಯೇ ವಾರಕ್ಕೆ ನಾಲ್ಕು ದಿನ ಸಂಜೆಯ ಚಹಾ ಅವರೇ ಮಾಡಿಕೊಂಡರೆ ನೀವು ಅರ್ಧ ತಾಸು ತಡವಾಗಿ ಬರಬಹುದೇ ಎಂದೂ ಕೇಳಿ ನೋಡಿ.